ಹುಟ್ಟು ಹಾಕಿದ ಕೈ

ಗಾಜಿನ ಮೇಲೆ ಮೂಗಿನ ಗುರುತಿತ್ತು.

ಕಿಟಕಿಯ ಬೆಳಕು ಅಡ್ಡ ಬಿದ್ದಾಗ ಮಾತ್ರ ಕಾಣುವಂಥ ಸಣ್ಣ ಜಿಡ್ಡಿನ ಮಚ್ಚೆ. ಅದರ ಮೇಲೆ, ಸ್ವಲ್ಪ ಎತ್ತರದಲ್ಲಿ, ಅಗಲವಾದ ಇನ್ನೊಂದು. ಅದು ಹಣೆಯದು. ಯಾರೋ ಈ ಫೋಟೋದ ಗಾಜಿಗೆ ಮುಖ ಒತ್ತಿಕೊಂಡು ನಿಂತಿದ್ದರು.

"ದಫೇದಾರ್ರೇ, ಈ ಗಾಜು ಒರೆಸಿದ್ದು ಯಾವಾಗ?" ಇನ್ಸ್‌ಪೆಕ್ಟರ್ ಮೇಡಂ ತಿರುಗದೆಯೇ ಕೇಳಿದರು.

"ಸೋಮವಾರ ಮಧ್ಯಾಹ್ನ ಮೇಡಂ. ಭಾನುವಾರ ಉದ್ಘಾಟನೆ ಇದೆಯಲ್ಲ, ಎಲ್ಲಾ ಗಾಜೂ ತಿಕ್ಕಿ ತಿಕ್ಕಿ ಕನ್ನಡಿ ಮಾಡಿಸಿದ್ರು. ಆಮೇಲೆ ಮೇಲೆ ಬಂದಿದ್ದು ಮೇಷ್ಟ್ರು ಒಬ್ಬರೇ." ದಫೇದಾರರು ಗಂಟಲು ಸರಿ ಮಾಡಿಕೊಂಡರು. "ಒಬ್ಬರೇ ಅಂತ ಜನ ಹೇಳ್ತಾರೆ."

ಸೋಮವಾರ ಸಂಜೆ ಇದೇ ಹಾಲಿನ ಮೆಟ್ಟಿಲ ಬುಡದಲ್ಲಿ ಮೇಷ್ಟ್ರು ಸತ್ತು ಬಿದ್ದಿದ್ದರು. ಕಾಲು ಜಾರಿದೆ ಎಂದು ಊರು ಅವತ್ತೇ ತೀರ್ಪು ಕೊಟ್ಟಾಗಿತ್ತು. ಇವತ್ತು ಗುರುವಾರ, ಇನ್ಸ್‌ಪೆಕ್ಟರ್ ಇನ್ನೂ ಕೊಟ್ಟಿರಲಿಲ್ಲ.

ಠಾಣೆಯಲ್ಲಿ ಅವರಿಗೆ ಸೂಜಿ ಮೇಡಂ ಎಂದು ಅಡ್ಡಹೆಸರು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ. ಬೆನ್ನ ಹಿಂದೆ ಅಂದದ್ದು ಒಮ್ಮೆ ಕಿವಿಗೆ ಬಿದ್ದಿತ್ತು. ಅವರಿಗೆ ಅದರಿಂದ ಬೇಜಾರೇನೂ ಆಗಿರಲಿಲ್ಲ.

ಹಾಲ್ ಎಂದರೆ ಹಳೆಯ ಪುರಸಭೆ ಕಟ್ಟಡದ ಮೇಲಂತಸ್ತು. ಗೋಡೆಯ ತುಂಬ ಊರಿನ ಹೆಸರುವಾಸಿಗಳು. ಮೊದಲ ಹೆರಿಗೆ ಆಸ್ಪತ್ರೆ ತೆರೆದ ಡಾಕ್ಟರಮ್ಮ. ಗೋಪುರದ ಗಡಿಯಾರವನ್ನು ಸಾಯುವ ತನಕ ನಿಲ್ಲಗೊಡದ ರಿಪೇರಿಯವರು. ದೂರದೂರಿಂದ ಪದಕ ತಂದ ಪೈಲ್ವಾನರು. ಅವರ ಮೀಸೆಗೇ ಅರ್ಧ ಚೌಕಟ್ಟು ಹೋಗಿತ್ತು. ಇವರನ್ನೆಲ್ಲ ಹುಡುಕಿ, ಮೊಮ್ಮಕ್ಕಳ ಮನೆಯ ಅಟ್ಟ ಹತ್ತಿ ಫೋಟೋ ಇಳಿಸಿ, ಒರೆಸಿ, ಕೆಳಗೆ ನಾಲ್ಕು ಸಾಲು ಬರೆದು ನೇತು ಹಾಕಿದ್ದು ಮೇಷ್ಟ್ರು. ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಇದೇ ಹುಚ್ಚು.

ನಡುಗೋಡೆಯ ಮೇಲೆ ಮಾತ್ರ ಒಂದೇ ಚಿತ್ರ. ನೆರೆಯ ಫೋಟೋ.

ನಲವತ್ತು ವರ್ಷಕ್ಕೂ ಹಿಂದೆ ನದಿ ಊರೊಳಗೆ ನುಗ್ಗಿದ ಸಂಜೆಯದು. ಶಾಲೆ ಅರ್ಧ ಮುಳುಗಿದೆ. ಒಂದು ಸಣ್ಣ ದೋಣಿ, ಅದರ ತುಂಬ ಒದ್ದೆ ಗುಬ್ಬಿಗಳ ಹಾಗೆ ಮುದುಡಿದ ಮಕ್ಕಳು. ಹುಟ್ಟು ಹಾಕುತ್ತಿರುವವರ ಮೈಮೇಲೆ ಉದ್ದನೆಯ ಕೋಟು, ಕಣ್ಣಿನ ತನಕ ಇಳಿದ ಹ್ಯಾಟು, ಗಲ್ಲಕ್ಕೆ ಮಫ್ಲರ್. ಕೆಳಗೆ ದಪ್ಪಕ್ಷರ: ನಮ್ಮೂರ ಕ್ಯಾಪ್ಟನ್.

"ಕ್ಯಾಪ್ಟನ್ ಅಂದ್ರೆ ಸೈನ್ಯದವರಾ, ಹಡಗಿನವರಾ?"

"ಫುಟ್‌ಬಾಲಿನವರು ಮೇಡಂ," ದಫೇದಾರರು ದನಿ ತಗ್ಗಿಸಿದರು. "ಊರ ಟೀಮಿಗೆ ಕ್ಯಾಪ್ಟನ್ ಆಗಿದ್ರು. ಒಂದು ಮ್ಯಾಚೂ ಗೆಲ್ಲಲಿಲ್ಲ, ಹೆಸರು ಉಳ್ಕೊಂತು. ಮೊದಲು ಹಾಗೆ ಕರೆದ್ರೆ ಜನ ನಗ್ತಿದ್ರಂತೆ. ನೆರೆ ಆದ್ಮೇಲೆ ಯಾರೂ ನಗಲಿಲ್ಲ. ಭಾನುವಾರ ಚೌಕದಲ್ಲಿ, ಅವರು ಬದುಕಿರೋವಾಗಲೇ, ಅವರದ್ದೇ ಪ್ರತಿಮೆ ನಿಲ್ಲಿಸ್ತಾರೆ."

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಇನ್ಸ್‌ಪೆಕ್ಟರ್ ಕರೆಸಿದ್ದ ಮೇಷ್ಟ್ರ ಹೆಂಡತಿ ಬಂದರು. ಐವತ್ತರ ಆಸುಪಾಸಿನ, ಕಡ್ಡಿಯಂಥ ಹೆಂಗಸು. ಅತ್ತು ಅತ್ತು ಒಣಗಿದ ಕಣ್ಣು. ಬಾಗಿಲಲ್ಲೇ ಒಂದು ಕ್ಷಣ ನಿಂತು, ಗೋಡೆ ಹಿಡಿದುಕೊಂಡು ಒಳಗೆ ಬಂದರು.

"ಕೂತ್ಕೊಳ್ಳಿ ಅಮ್ಮಾ. ಇದು ನಿಮ್ಮ ಯಜಮಾನರದ್ದೇ ತಾನೆ?"

ಕನ್ನಡಕದ ಪೆಟ್ಟಿಗೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಅವರದ್ದೇ. ನಾನೇ ತಂದುಕೊಟ್ಟಿದ್ದು."

"ಇದು ಅವರ ಜೇಬಲ್ಲಿತ್ತು. ಕನ್ನಡಕ ಮಡಿಸಿ, ಒಳಗಿಟ್ಟು, ಮುಚ್ಚಳ ಹಾಕಿ. ಕನ್ನಡಕ ಇಲ್ದೆ ಅವರು ಮೆಟ್ಟಿಲು ಇಳೀತಿದ್ರಾ?"

"ಮೆಟ್ಟಿಲಾ? ಕನ್ನಡಕ ಇಲ್ದಿದ್ರೆ ಅವರಿಗೆ ನಾನೂ ಒಂದೇ, ಬಾಗಿಲೂ ಒಂದೇ. ಬೆಳಿಗ್ಗೆ ಎದ್ದರೆ ಮೊದಲು ಕನ್ನಡಕ, ಆಮೇಲೆ ಚಪ್ಪಲಿ." ಆಕೆ ಪೆಟ್ಟಿಗೆಯ ಮುಚ್ಚಳ ತೆಗೆದು ಮತ್ತೆ ಹಾಕಿದರು. "ತುಂಬ ಹತ್ತಿರ ಇಟ್ಕೊಂಡು ಏನಾದ್ರೂ ನೋಡೋದಿದ್ರೆ ಮಾತ್ರ ತೆಗೀತಿದ್ರು. ಮೂಗು ತಾಗಿಸಿ ನೋಡೋರು. ಆಗ ಎಲ್ಲಾ ಚೆನ್ನಾಗಿ ಕಾಣ್ತಿತ್ತು ಅವರಿಗೆ."

ಇನ್ಸ್‌ಪೆಕ್ಟರ್ ಗಾಜಿನ ಮೇಲಿನ ಮಚ್ಚೆಯತ್ತ ತಿರುಗಿದರು.

ಹಾಗಾದರೆ ಮೇಷ್ಟ್ರು ಕನ್ನಡಕ ತೆಗೆದು, ನಿಧಾನವಾಗಿ ಪೆಟ್ಟಿಗೆಗೆ ಹಾಕಿ, ಈ ಗಾಜಿಗೆ ಮುಖ ಕೊಟ್ಟಿದ್ದಾರೆ. ಆತುರವಿರಲಿಲ್ಲ, ಹೆದರಿಕೆಯಿರಲಿಲ್ಲ. ಆಮೇಲೆ ಮತ್ತೆ ಹಾಕಿಕೊಳ್ಳದೆ ಹಾಲಿನ ಆ ತುದಿಗೆ, ಮೆಟ್ಟಿಲ ತಲೆಯ ತನಕ, ಕುರುಡರ ಹಾಗೆ ನಡೆದು ಹೋಗಿದ್ದಾರೆ. ಯಾಕೆ? ಯಾರೋ ಕರೆದಿರಬೇಕು. ಅದೂ ಗುರುತಿನ ದನಿ. ಗೊತ್ತಿಲ್ಲದ ದನಿಯಾಗಿದ್ದರೆ, ಯಾರು ಅಂತ ನೋಡೋಕಾದರೂ ಕೈ ಜೇಬಿಗೆ ಹೋಗುತ್ತಿತ್ತು.

ಅವರು ಬಗ್ಗಿ, ಮಚ್ಚೆಯ ಜಾಗಕ್ಕೆ ಸರಿಯಾಗಿ ತಮ್ಮ ಮುಖ ತಂದರು.

ಅಷ್ಟು ಹತ್ತಿರದಿಂದ ದೋಣಿ ಇಲ್ಲ, ನದಿ ಇಲ್ಲ. ಕಂಡದ್ದು ಹುಟ್ಟು ಹಿಡಿದ ಒಂದು ಕೈ. ಬೀಸಿ ಎಳೆಯುವಾಗ ಕೋಟಿನ ತೋಳು ಮೇಲೆ ಸರಿದಿದೆ. ಮಣಿಕಟ್ಟಿನಿಂದ ತುಸು ಮೇಲೆ ಕರವಸ್ತ್ರವೊಂದನ್ನು ಬಿಗಿಯಾಗಿ ಕಟ್ಟಿದೆ. ಕರವಸ್ತ್ರದ ಅಂಚಿನಿಂದ ಬಾಗಿದ, ಹೊಳೆಯುವ ತೆಳುಗೆರೆಗಳು ಇಣುಕುತ್ತಿವೆ.

ಇನ್ಸ್‌ಪೆಕ್ಟರಿಗೆ ಉಸಿರು ಬಿಡುವುದು ಮರೆಯಿತು. ಗಾಜು ಮಂಜಾಗಲಿಲ್ಲ.

"ಅಮ್ಮಾ, ನೀವೂ ಈ ದೋಣೀಲಿದ್ರಂತೆ."

"ಮುಂದೆ ಕೂತಿರೋ ಎರಡು ಜಡೆಯ ಹುಡುಗಿ ನಾನೇ," ಆಕೆ ಕೂತಲ್ಲಿಂದಲೇ ಬೆರಳು ತೋರಿಸಿದರು. "ಈ ಊರಿಗೆ ನಾನು ಇವತ್ತಿಗೂ ದೋಣಿ ಹುಡುಗಿ. ಪ್ರತಿ ವರ್ಷ ನೆರೆಯ ದಿನ ವೇದಿಕೆ ಹತ್ತಿಸ್ತಾರೆ. ಕ್ಯಾಪ್ಟನ್ ಬರದಿದ್ರೆ ನಾವ್ಯಾರೂ ಇರ್ತಿರಲಿಲ್ಲ ಅಂತ ಹೇಳಿ ಇಳೀತೀನಿ."

"ಅವರ ಮುಖ ನೋಡಿದ ನೆನಪಿದೆಯಾ?"

"ಮಳೆ, ಕತ್ತಲೆ. ಎಂಟು ವರ್ಷದ ಮಗುವಿಗೆ ಏನು ನೆನಪಿರತ್ತೆ?"

"ಹಾಗಾದ್ರೆ ಇಲ್ಲಿ ಬಂದು ನೋಡಿ. ಬಳೆ. ಜಾರಬಾರದು ಅಂತ ಮೇಲೆ ಏರಿಸಿ ಬಟ್ಟೆ ಕಟ್ಟಿದ್ದಾರೆ. ದೋಣಿ ನಡೆಸಿದ್ದು ಗಂಡಸಲ್ಲ ಅಮ್ಮಾ, ಹೆಂಗಸು."

ದಫೇದಾರರು "ಏನು!" ಎಂದು ನುಗ್ಗಿದ ರಭಸಕ್ಕೆ ಅವರ ಟೋಪಿಯ ಅಂಚು ಗಾಜಿಗೆ ಟಣ್ಣೆಂದು ತಾಗಿತು. "ಅಯ್ಯಯ್ಯೋ. ಹೌದಲ್ಲ ಮೇಡಂ. ಇಷ್ಟು ವರ್ಷ ಪೇಪರಿನ ಅಂಗೈಯಗಲದ ಚಿತ್ರ ನೋಡ್ಕೊಂಡು ಬಂದ್ವಿ, ಅದರಲ್ಲಿ ಎಲ್ಲಾ ಮಸಿ ಮಸಿ. ಹೋದ ತಿಂಗಳು ಸ್ಟುಡಿಯೋದವರ ಹಳೇ ಪೆಟ್ಟಿಗೇಲಿ ಅಸಲಿ ನೆಗೆಟಿವ್ ಸಿಕ್ಕಿತು, ಮೇಷ್ಟ್ರು ದೊಡ್ಡದು ಮಾಡಿಸಿದ್ರು."

ಮೇಷ್ಟ್ರ ಹೆಂಡತಿ ಕುರ್ಚಿಯಿಂದ ಏಳಲಿಲ್ಲ.

"ಮಳೆನೀರಿನ ಗೆರೆ ಇರ್ಬೇಕು," ಎಂದರು. ಸೆರಗು ಸರಿ ಮಾಡಿಕೊಂಡು, "ನಾನು ಹೊರಡ್ಲಾ? ಮನೇಲಿ ನೆಂಟರಿದ್ದಾರೆ."

"ಜೀಪಲ್ಲಿ ಬಿಡಿಸ್ತೀನಿ."

"ಬೇಡ. ನಡ್ಕೊಂಡೇ ಹೋಗ್ತೀನಿ."

ಕಿಟಕಿಯಿಂದ ಇನ್ಸ್‌ಪೆಕ್ಟರ್ ನೋಡಿದರು. ಆಕೆ ರಸ್ತೆ ದಾಟಿ, ಅಂಗಡಿಗಳ ನೆರಳು ಹಿಡಿದು, ತಲೆ ತಗ್ಗಿಸಿ ನಡೆಯುತ್ತಿದ್ದರು. ಗಂಡ ಹೋದ ವಾರದಲ್ಲೇ ಬದುಕಿನ ದೇವರನ್ನೂ ಕಿತ್ತುಕೊಂಡ ಹಾಗಾಯಿತೇನೋ ಎಂದು ಅವರಿಗೆ ಕಸಿವಿಸಿಯಾಯಿತು.

*

ಶಿಲ್ಪಿಯ ಶೆಡ್ಡು ಸಂತೆ ಮೈದಾನದ ಹಿಂದಿನ ಗೋಡೌನಿನಲ್ಲಿತ್ತು. ಕಾಲಿಟ್ಟಲ್ಲೆಲ್ಲ ಒಣ ಜೇಡಿ, ಕಬ್ಬಿಣದ ಸರಳು, ಗೋಣಿ. ನಡುವೆ ಕ್ಯಾಪ್ಟನ್ ನಿಂತಿದ್ದರು. ಕೋಟು, ಬೂಟು, ಕೈಯಲ್ಲಿ ಹುಟ್ಟು, ಎಲ್ಲ ತಯಾರು. ತಲೆ ಮಾತ್ರ ಇಲ್ಲ.

"ತಲೆ ಎಲ್ಲಿ ಸ್ವಾಮಿ?"

ಶಿಲ್ಪಿ ಮೂಲೆಯ ಮೇಜಿನ ಮೇಲಿನ ಒದ್ದೆ ಬಟ್ಟೆ ಎತ್ತಿದರು. ಮಣ್ಣಿನ ಮುಖವೊಂದು ಮೇಲೆ ನೋಡುತ್ತ ಮಲಗಿತ್ತು.

"ಇನ್ನೂ ಎರಕ ಹೊಯ್ದಿಲ್ಲ. ಭಾನುವಾರಕ್ಕೆ ಆಗತ್ತಾ ಅಂತ ಪುರಸಭೆ ಅಧ್ಯಕ್ಷರು ದಿನಾ ಫೋನಲ್ಲಿ ಉಗೀತಿದ್ದಾರೆ. ನಾನೇನು ಮಾಡ್ಲಿ? ಮೇಷ್ಟ್ರು ಬಂದು ಕೈ ಮುಗಿದ್ರು. 'ಎರಡು ದಿನ ತಡೀರಿ, ಮುಖ ಬದಲಾಗಬಹುದು' ಅಂದ್ರು. ಮುಖ ಬದಲಾಗೋದು ಅಂದ್ರೇನು? ನಾನೇನು ಚುನಾವಣೆ ಪೋಸ್ಟರ್ ಮಾಡ್ತಿದ್ದೀನಾ?"

"ಅವರು ಬಂದಿದ್ದು ಯಾವತ್ತು?"

"ಹಿಂದಿನ ಭಾನುವಾರ. ಸಾಯೋ ಮುಂಚಿನ ದಿನ. ಜೊತೇಲಿ ಒಬ್ಬ ಹೆಂಗಸಿದ್ರು."

ಇನ್ಸ್‌ಪೆಕ್ಟರ್ ಮಣ್ಣಿನ ಮುಖದಿಂದ ಕಣ್ಣೆತ್ತಿದರು. "ಅವರ ಹೆಂಡತೀನಾ?"

"ಛೆ, ಅವರು ನಂಗೆ ಗೊತ್ತಿಲ್ವಾ? ಇವರು ಬೇರೆ ಊರವರು. ವಯಸ್ಸಾಗಿದೆ, ಬೆನ್ನು ಮಾತ್ರ ನೆಟ್ಟಗೆ. ಮಾತೇ ಆಡಲಿಲ್ಲ. ಹೊರಡುವಾಗ ಈ ಮುಖ ನೋಡಿ ಕಿಸಕ್ಕಂತ ನಕ್ಕುಬಿಟ್ರು. 'ಅಣ್ಣನ ಮೂಗು ಇಷ್ಟು ಚೂಪಿಲ್ಲಪ್ಪ' ಅಂದ್ರು."

"ಅಣ್ಣ ಅಂದ್ರಾ?"

"ಹೂಂ. ಊರಿನ ದೊಡ್ಡವರು ಅಂತ ಮರ್ಯಾದೆಗೆ ಅಂದಿರ್ಬೇಕು."

ಜೀಪು ಹತ್ತಿದ ಮೇಲೆ ದಫೇದಾರರು ಸ್ಟಾರ್ಟ್ ಮಾಡದೆ ಸ್ಟಿಯರಿಂಗ್ ಹಿಡಿದು ಕೂತರು.

"ಹೇಳ್ಬಿಡಿ," ಎಂದರು ಇನ್ಸ್‌ಪೆಕ್ಟರ್. "ಮುಖ ನೋಡಿದ್ರೇ ಗೊತ್ತಾಗತ್ತೆ, ಬಾಯೊಳಗೆ ಏನೋ ಇಟ್ಕೊಂಡಿದ್ದೀರಿ."

"ಕ್ಯಾಪ್ಟನ್‌ಗೆ ಒಬ್ಬಳು ತಂಗಿ ಇದ್ಳು ಮೇಡಂ. ನಮ್ಮಮ್ಮ ಹೇಳ್ತಿದ್ರು. ನೆರೆ ಬಂದ ವರ್ಷವೇ ಯಾರ ಜೊತೇನೋ ಓಡಿಹೋದಳು ಅಂತ. ಅಣ್ಣ ಊರ ಮಕ್ಕಳ ಜೀವ ಉಳಿಸಿದ, ತಂಗಿ ಮನೆ ಮಾನ ಕಳೆದಳು ಅಂತ ಆಡ್ಕೊಂಡಿದ್ದೇ ಆಡ್ಕೊಂಡಿದ್ದು. ಆಮೇಲೆ ಆ ಮನೇಲಿ ಅವಳ ಸುದ್ದಿ ಎತ್ತೋ ಹಾಗಿಲ್ಲ."

"ಕ್ಯಾಪ್ಟನ್ ಮನೆಗೆ ನಡೀರಿ."

"ಮೇಡಂ, ಅವರ ಮಗಳು ಅಧ್ಯಕ್ಷೆ. ನನಗೆ ರಿಟೈರ್ ಆಗೋಕೆ ಇನ್ನು ಸ್ವಲ್ಪವೇ ದಿನ ಇದೆ. ಯಾವುದಾದ್ರೂ ಕಾಡಿಗೆ ಎತ್ತಿ ಹಾಕಿದ್ರೆ..."

"ನೀವು ಜೀಪಲ್ಲೇ ಇರಿ. ಎತ್ತಿ ಹಾಕೋದಾದ್ರೆ ನನ್ನನ್ನ ಹಾಕಲಿ."

*

ಪುರಸಭೆಯ ಅಧ್ಯಕ್ಷೆ ಬಾಗಿಲು ಪೂರ್ತಿ ತೆಗೆಯಲಿಲ್ಲ.

"ಅಪ್ಪ ಯಾರ ಹತ್ರಾನೂ ಮಾತಾಡಲ್ಲ. ಲಕ್ವ ಹೊಡೆದಾಗಿನಿಂದ ಮಾತು ತೊದಲತ್ತೆ. ಏನಿದ್ರೂ ನನ್ನನ್ನ ಕೇಳಿ."

"ನಿಮ್ಮನ್ನ ಕೇಳೋದೂ ಇದೆ. ಸೋಮವಾರ ಸಂಜೆ ಎಲ್ಲಿದ್ರಿ?"

"ಸಭೇಲಿ. ಎಲ್ಲಾ ಸದಸ್ಯರೂ ಇದ್ರು, ಬೈದಾಡ್ಕೊಂಡಿದ್ದು ರಸ್ತೆ ತನಕ ಕೇಳಿಸಿರತ್ತೆ." ಆಕೆ ಹೊಸ್ತಿಲಿಗೆ ಅಡ್ಡ ನಿಂತರು. "ನೋಡಿ, ಮೇಷ್ಟ್ರು ನನಗೂ ಪಾಠ ಹೇಳಿದವರು. ಸಂಕಟ ನನಗೂ ಇದೆ. ಆದ್ರೆ ಜಾರಿ ಬಿದ್ದಿದ್ದನ್ನ ಕೊಲೆ ಮಾಡಿ, ಭಾನುವಾರದ ಕಾರ್ಯಕ್ರಮ ಹಾಳು ಮಾಡಿದ್ರೆ ನಾನು ಸುಮ್ಮನಿರಲ್ಲ."

"ಪ್ರತಿಮೆಗೆ ಬಳೆ ಹಾಕಿಸ್ತೀರಾ?"

"ಏನಂದ್ರಿ?"

"ದೋಣಿ ನಡೆಸಿದ ಕೈಯಲ್ಲಿ ಬಳೆ ಇದೆ. ಹಾಲಿಗೆ ಹೋಗಿ ಗಾಜಿಗೆ ಮೂಗು ಇಟ್ಟು ನೋಡಿ. ನಿಮ್ಮ ತಂದೆ ಯಾವತ್ತಾದ್ರೂ ಬಳೆ ತೊಟ್ಟಿದ್ರಾ?"

ಅಧ್ಯಕ್ಷೆಯ ಮುಖ ಕೆಂಪಗಾಯಿತು. "ಹೊರಗೆ ನಡೀರಿ. ಈ ಊರಿನ ಮಕ್ಕಳು ಪಠ್ಯದ ಹಾಗೆ ಬಾಯಿಪಾಠ ಮಾಡಿರೋ ಹೆಸರು ಅದು. ನಿನ್ನೆ ಮೊನ್ನೆ ಬಂದ ನೀವು..."

"ಮಗಾ."

ಒಳಗಿನಿಂದ ಬಂದ ದನಿ ದೊಡ್ಡದೇನಲ್ಲ. ಆದರೂ ಅಧ್ಯಕ್ಷೆ ಅರ್ಧಕ್ಕೇ ನಿಂತರು.

"ಅವರನ್ನ ಒಳಗೆ ಬಿಡು."

ಕಿಟಕಿಯ ಪಕ್ಕ ಗಾಲಿ ಕುರ್ಚಿಯಲ್ಲಿ ಕ್ಯಾಪ್ಟನ್ ಕೂತಿದ್ದರು. ಬಲಗೈ ತೊಡೆಯ ಮೇಲೆ ಸತ್ತ ಹಾಗೆ ಬಿದ್ದಿತ್ತು. ಶಿಲ್ಪಿ ಮಾಡಿದ ಮುಖಕ್ಕಿಂತ ಇದು ಮೆತ್ತಗಿನ ಮುಖ. ಮೂಗು ನಿಜಕ್ಕೂ ಚೂಪಿರಲಿಲ್ಲ.

"ಅವಳನ್ನ ಹುಡುಕಬೇಡಿ," ಅವರು ಒಂದೊಂದೇ ಮಾತನ್ನು ನಾಲಿಗೆಯಿಂದ ಕಿತ್ತು ತೆಗೆದ ಹಾಗೆ ಹೇಳಿದರು. "ಮೇಷ್ಟ್ರನ್ನ ತಳ್ಳಿದ್ದು ನಾನು. ಬರ್ಕೊಳ್ಳಿ."

"ಅಪ್ಪಾ!"

ಇನ್ಸ್‌ಪೆಕ್ಟರ್ ಪಕ್ಕದ ಸ್ಟೂಲ್ ಎಳೆದುಕೊಂಡು ಅವರ ಎದುರಿಗೆ ಕೂತರು. "ಮೇಲಂತಸ್ತಿಗೆ ಹೇಗೆ ಹತ್ತಿದ್ರಿ?"

ಕ್ಯಾಪ್ಟನ್ ಕಿಟಕಿಯತ್ತ ಮುಖ ತಿರುಗಿಸಿದರು.

"ಈ ಕುರ್ಚಿ ಯಾರು ಹೊತ್ತರು? ಇಬ್ಬರು ಬೇಕು. ಕರೆಸಲಾ ಅವರನ್ನ?" ಇನ್ಸ್‌ಪೆಕ್ಟರ್ ದನಿ ಏರಿಸಲಿಲ್ಲ. "ಸಾರ್, ಮಾಡದ ಕೆಲಸವನ್ನ ಮಾಡಿದೆ ಅಂತ ಹೇಳೋದು ನಿಮಗೆ ಇದೇ ಮೊದಲಲ್ಲ. ಅಲ್ವಾ?"

ಮುದುಕರ ಎಡಗೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿಯಿತು. ಮಗಳು ಇಬ್ಬರನ್ನೂ ನೋಡುತ್ತ ಗೋಡೆಗೆ ಒರಗಿದರು.

"ನನಗೆ ಈಜು ಬರಲ್ಲ," ಎಂದರು ಕ್ಯಾಪ್ಟನ್.

ಮಗಳು ತಟ್ಟನೆ ತಂದೆಯತ್ತ ತಿರುಗಿದರು.

"ನೀರು ಅಂದ್ರೆ ಕಾಲು ನಡುಗತ್ತೆ. ಚಿಕ್ಕಂದಿನಿಂದ. ಅವತ್ತು ನಾನು ಮನೆ ಅಟ್ಟದ ಮೇಲೆ ಕೂತಿದ್ದೆ. ಅವಳು ನನ್ನ ಕೋಟು, ನನ್ನ ಹ್ಯಾಟು ಹಾಕ್ಕೊಂಡು ಮಧ್ಯಾಹ್ನವೇ ಹೋಗಿದ್ಳು. ಆಚೆ ದಡದಲ್ಲಿ ಒಬ್ಬ ಕಾಯ್ತಿದ್ದ. ಅವನ ಜೊತೆ ಹೋಗೋಕೆ ದೋಣಿ ಬಿಚ್ಚಿದ್ಳು. ಅರ್ಧ ನದೀಲಿದ್ದಾಗ ಶಾಲೆ ಕಡೆಯಿಂದ ಮಕ್ಕಳ ಕೂಗು ಕೇಳಿಸ್ತಂತೆ." ಅವರು ಉಸಿರು ಎಳೆದುಕೊಂಡರು. "ತಿರುಗಿಸಿಬಿಟ್ಳು."

"ಊರಿಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳೋದು? ಆ ಹೊತ್ತಲ್ಲಿ ಗಂಡಸರ ಬಟ್ಟೆ ಹಾಕ್ಕೊಂಡು ದೋಣೀಲಿ ಏನು ಮಾಡ್ತಿದ್ಳು ಅಂತ ಕೇಳ್ತಿದ್ರು. ನಮ್ಮಪ್ಪ ಅವಳನ್ನ ಜೀವಸಹಿತ ಬಿಡ್ತಿರಲಿಲ್ಲ. ಕೋಟು ನೋಡಿ ಜನ ನಾನೇ ಅಂದ್ಕೊಂಡ್ರು, ಎತ್ತಿಕೊಂಡು ಕುಣಿದ್ರು. ನಾನು ಬಾಯಿ ಮುಚ್ಚಿಕೊಂಡೆ. ತಣ್ಣಗಾದ ಮೇಲೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಅವಳು ಹೊರಟುಹೋದಳು. ಊರು ಅವಳನ್ನ ಏನೇನೋ ಅಂತು. ಅದನ್ನೂ ಕೇಳ್ಕೊಂಡು ಕೂತೆ."

ಅಧ್ಯಕ್ಷೆ ಗಾಲಿ ಕುರ್ಚಿಯ ಹತ್ತಿರ ಬಂದರು. ದನಿಯಲ್ಲಿ ಅಧ್ಯಕ್ಷಗಿರಿ ಇರಲಿಲ್ಲ.

"ನನಗೊಬ್ಬರು ಅತ್ತೆ ಇದ್ದಾರಾ?"

"ಪ್ರತಿ ವಾರ ಮಾತಾಡ್ತೀನಲ್ಲ."

"ಯಾರ ಹತ್ರ? ಆ ಗೋಲ್‌ಕೀಪರ್ ಹತ್ರಾನಾ? ಹಳೇ ಟೀಮಿನವನು ಅಂತ..." ಅಧ್ಯಕ್ಷೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಕ್ಯಾಪ್ಟನ್ ಮಗಳತ್ತ ನೋಡಲಿಲ್ಲ. "ಮೇಷ್ಟ್ರು ಆ ದೊಡ್ಡ ಫೋಟೋ ನೋಡಿ ಬಂದು ಕೇಳಿದ ದಿನ ನನಗೆ ಎದೆ ಹಗುರ ಆಯ್ತು. ನಾನೇ ನಂಬರ್ ಕೊಟ್ಟೆ. ಹೋಗಿ ಕರ್ಕೊಂಡು ಬಂದ್ರು. ಭಾನುವಾರ ಎಲ್ಲರ ಮುಂದೆ ಹೇಳೋಣ, ಪ್ರತಿಮೆಗೆ ಅವಳ ಮುಖವೇ ಇರಲಿ ಅಂತ ಇಬ್ಬರೂ ಮಾತಾಡ್ಕೊಂಡ್ವಿ. ಅವಳಿಗೆ ಇಷ್ಟ ಇರಲಿಲ್ಲ. ಸೋಮವಾರ ಸಂಜೆ ಫೋನ್ ಮಾಡಿ ಬರೀ ಅತ್ತಳು. 'ಅಣ್ಣಾ, ಮೇಷ್ಟ್ರು ಹೋಗಿಬಿಟ್ರು' ಅಂದ್ಳು. ನಾನು ಮುಂದೆ ಏನೂ ಕೇಳಲಿಲ್ಲ. ಬಾಗಿಲು ಹಾಕ್ಕೊಂಡು ಒಳಗಿರು ಅಂದೆ."

"ಅವರೇ ತಳ್ಳಿದ್ರು ಅಂದ್ಕೊಂಡ್ರಾ?"

"ಕೇಳೋಕೆ ಹೆದರಿದೆ." ಮುದುಕರ ಕಣ್ಣಿನಿಂದ ನೀರು ಇಳಿಯಿತು, ಒರೆಸುವ ಕೈ ಏಳಲಿಲ್ಲ. "ನನ್ನ ಪಾಲಿನ ಸುಳ್ಳನ್ನ ಅವಳು ಹೊತ್ತಳು. ಅವಳ ಪಾಲಿನ ಜೈಲನ್ನ ನಾನು ಹೊರ್ತೀನಿ. ಅಷ್ಟೇ."

"ಈಗ ಎಲ್ಲಿದ್ದಾರೆ?"

"ಬಸ್ ಸ್ಟ್ಯಾಂಡ್ ಹಿಂದಿನ ಲಾಡ್ಜಲ್ಲಿ. ಮೇಷ್ಟ್ರೇ ರೂಮು ಮಾಡಿಕೊಟ್ಟಿದ್ರು, ಅವರ ಮನೇಲೂ ಗೊತ್ತು."

ಇನ್ಸ್‌ಪೆಕ್ಟರ್ ಹೊರಗೆ ಕೂಗಿ ದಫೇದಾರರಿಗೆ ಜೀಪು ತಿರುಗಿಸಿ ನಿಲ್ಲಿಸಲು ಹೇಳಿದರು. ಆಮೇಲೆ ಮೇಜಿನ ಮೇಲಿದ್ದ ಮುದುಕರ ಫೋನ್ ಎತ್ತಿ, ಗೋಲ್‌ಕೀಪರ್ ಎಂದಿದ್ದ ನಂಬರಿಗೆ ಕರೆ ಮಾಡಿ ಸ್ಪೀಕರ್ ಹಾಕಿದರು. ತಾವು ತಲುಪುವ ಮೊದಲೇ ಆಕೆ ಹೆದರಿ ಊರು ಬಿಡಬಾರದು.

"ಅಣ್ಣಾ?"

"ಅಣ್ಣ ಪಕ್ಕದಲ್ಲೇ ಇದ್ದಾರೆ. ನಾನು ಇನ್ಸ್‌ಪೆಕ್ಟರ್. ಹೆದರಬೇಡಿ, ನಿಮ್ಮನ್ನ ಹಿಡಿಯೋಕೆ ಮಾಡಿದ್ದಲ್ಲ. ಸೋಮವಾರ ನೀವು ನೋಡಿದ್ದು ಬೇಕು ನನಗೆ."

ಆ ಕಡೆ ದೀರ್ಘ ಉಸಿರು. "ಯಾವಾಗ ಕೇಳ್ತೀರಿ ಅಂತ ಕಾಯ್ತಾ ಇದ್ದೆ. ನಾನಾಗೇ ಬರೋ ಧೈರ್ಯ ಸಾಲಲಿಲ್ಲ. ಈ ಊರು ನನ್ನ ಮಾತು ಯಾವತ್ತು ನಂಬಿದೆ?"

"ನಾನು ಈ ಊರವಳಲ್ಲ. ಹೇಳಿ."

"ಮೇಷ್ಟ್ರು ಫೋಟೋ ತೋರಿಸೋಕೆ ಕರ್ಕೊಂಡು ಹೋಗಿದ್ರು. ಆ ಕರವಸ್ತ್ರದ ಮೂಲೇಲಿ ನಾನೇ ಹಾಕಿದ ಕಸೂತಿ ಹೂವಿತ್ತು. ಕಾಣತ್ತಾ ನೋಡಿ ಅಂದೆ. ಅವರು ಮಗುವಿನ ಥರ ಕನ್ನಡಕ ತೆಗೆದು ಗಾಜಿಗೆ ಮುಖ ಇಟ್ರು. ನೋಡ್ತಾ ಇರಲಿ ಅಂತ ನಾನು ಎದುರಿನ ಅಂಗಡಿಗೆ ನೀರು ತರೋಕೆ ಇಳಿದೆ. ಬಾಟಲಿ ಹಿಡ್ಕೊಂಡು ವಾಪಸ್ ಬಾಗಿಲ ಹತ್ರ ಬಂದಾಗ ಮೇಲೆ ಮಾತು ಕೇಳಿಸ್ತು."

"ಯಾರ ಮಾತು?"

"ಮೇಷ್ಟ್ರದ್ದು, ಇನ್ನೊಂದು ಹೆಂಗಸಿನದ್ದು. ಆ ಹೆಂಗಸು ಅಳ್ತಾ ಇದ್ರು. 'ರೀ, ಬೇಡ ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಬೇಡ ರೀ' ಅಂತ. ಆಮೇಲೆ..." ದನಿ ಒಡೆಯಿತು. "ಆಮೇಲೆ ಆ ಸದ್ದು. ಒಳಗೆ ಓಡಿದೆ. ಕಣ್ಣು ತೆರೆದೇ ಇತ್ತು. ಮೇಲೆ ಯಾರೋ ಹಿಂದೆ ಸರಿದ ಹಾಗಾಯ್ತು, ಮುಖ ಕಾಣಲಿಲ್ಲ. ನಾನು ಓಡಿಬಿಟ್ಟೆ."

ಇನ್ಸ್‌ಪೆಕ್ಟರ್ ತಲೆಯೆತ್ತಿದರು. ಅಧ್ಯಕ್ಷೆಯೂ ಅವರನ್ನೇ ನೋಡುತ್ತಿದ್ದರು.

ಅಧ್ಯಕ್ಷೆಯಿಂದ ಹಿಡಿದು ಹಾಲು ಮಾರುವವನ ತನಕ ಸತ್ತವರನ್ನು ಊರಿಗೆ ಊರೇ ಕರೆಯುತ್ತಿದ್ದದ್ದು ಮೇಷ್ಟ್ರೇ ಎಂದು. ಅವರನ್ನು ಬರೀ ರೀ ಎಂದು ಕರೆಯುವವರು ಲೋಕದಲ್ಲಿ ಒಬ್ಬರೇ.

"ಇನ್ನೊಂದು ಮಾತು," ಇನ್ಸ್‌ಪೆಕ್ಟರ್ ಎದ್ದು ನಿಂತಾಗಿತ್ತು. "ದೋಣೀಲಿ ನಿಮ್ಮೆದುರು ಎರಡು ಜಡೆ ಹುಡುಗಿ ಕೂತಿದ್ಳು. ಅವಳಿಗೆ ನಿಮ್ಮ ಗುರುತು ಇತ್ತಾ?"

"ಪುಟ್ಟೀನಾ?" ಆ ದನಿಯಲ್ಲಿ ಮೊದಲ ಸಲ ನಗು ಬಂತು. "ಪಕ್ಕದ ಮನೆ ಮಗು. ಆ ಜಡೆ ಹಾಕಿದ್ದೇ ನಾನು. ದಾರಿಯುದ್ದಕ್ಕೂ ಅಕ್ಕಾ ಅಕ್ಕಾ ಅಂತ ಕೋಟು ಹಿಡ್ಕೊಂಡೇ ಇದ್ಳು. ಮಾರನೇ ದಿನ ಕೇಳ್ಕೊಂಡೆ, ಯಾರಿಗೂ ಹೇಳ್ಬೇಡ ಪುಟ್ಟಿ, ಹೇಳಿದ್ರೆ ಅಕ್ಕ ಸತ್ತುಹೋಗ್ತಾಳೆ ಅಂತ. ಪಾಪ, ಹೇಳಲೇ ಇಲ್ಲ. ಅವಳು ಇಲ್ಲೇ ಇದ್ದಾಳಂತೆ, ಯಾರು ಅಂತ ಭಾನುವಾರ ತೋರಿಸ್ತೀನಿ ಅಂತ ಮೇಷ್ಟ್ರು... ಒಂದ್ನಿಮಿಷ ಇರಿ, ಯಾರೋ ಬಾಗಿಲು ತಟ್ತಾ ಇದ್ದಾರೆ."

"ತೆಗೀಬೇಡಿ!" ಇನ್ಸ್‌ಪೆಕ್ಟರ್ ಕೂಗಿದರು. "ಕೇಳಿಸ್ತಾ? ಬಾಗಿಲು ತೆಗೀಬೇಡಿ!"

ಫೋನು ಹಾಸಿಗೆಯ ಮೇಲೆ ಬಿದ್ದ ಸದ್ದು. ದೂರ ಹೋಗುತ್ತಿರುವ ಬರಿಗಾಲು. "ಯಾರು?"

ಬಾಗಿಲಾಚೆಯಿಂದ ಬಂದ ಮಾತು ತೀರ ಮೆಲ್ಲಗಿತ್ತು. ಆದರೂ ಈ ಕೋಣೆಯಲ್ಲಿದ್ದ ಮೂವರಿಗೂ ಸ್ಪಷ್ಟವಾಗಿ ಕೇಳಿಸಿತು.

"ಅಕ್ಕಾ, ನಾನು ಪುಟ್ಟಿ."

ಚಿಲಕ ಸರಿಯಿತು.